ಸಿದ್ದಮ್ಮನ ಎರಡು ಬುಟ್ಟಿ

ಮೂರು ವಾರದ ಕೋಳಿಮರಿ ಹೆಣ್ಣೋ ಗಂಡೋ ಎಂದು ಹೇಳಲು ನನಗೂ ಬರುತ್ತದೆ. ಹತ್ತಕ್ಕೆ ಆರು ಸರಿ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡು ಹೇಳಿದರೂ ಐದು ಸರಿಯಾಗುತ್ತವೆ. ಇಷ್ಟು ವರ್ಷದ ಕೋಳಿ ವ್ಯಾಪಾರದಲ್ಲಿ ನಾನು ಗಳಿಸಿದ ವಿದ್ಯೆ ಎಂದರೆ ಮೇಲಿನ ಆ ಒಂದು ಮರಿ.

ಮರುಳಸಿದ್ದಮ್ಮ ಹತ್ತಕ್ಕೆ ಹತ್ತು ಹೇಳುತ್ತಿದ್ದಳು. ನೂರಕ್ಕೆ ಎಷ್ಟು ಎಂದು ಯಾರಾದರೂ ಕೆಣಕಿದರೆ, "ನೂರು ಮರಿ ತಂದು ಮುಂದ ಸುರುವ್ರಿ, ಆಮ್ಯಾಲೆ ಕೇಳ್ರಿ" ಅನ್ನುತ್ತಿದ್ದಳು.

ಕೊಟ್ಟೂರಿಗೆ ಎರಡು ಹರದಾರಿ ದೂರದ ಹಳ್ಳಿಯವಳು. ಗಂಡ ಕರಿಸಿದ್ದಪ್ಪ ಕುರಿ ಕಾಯುವ ಮನುಷ್ಯ. ಸುಗ್ಗಿ ಮುಗಿದ ಮೇಲೆ ಕುರಿ ಹೊಡಕೊಂಡು ಹಲವಾಗಲ ಕಡೆ ಹೊಳೆಸಾಲಿಗೆ ಇಳಿದನೆಂದರೆ ಮುಂಗಾರು ಬೀಳುವ ತನಕ ಮನೆಯತ್ತ ಸುಳಿಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸಿದ್ದಮ್ಮನೂ ಮರಿಕುರಿ ಹೊತ್ತುಕೊಂಡು ಅವನ ಹಿಂದೆಯೇ ನಡೆದವಳು. ನಾಲ್ಕನೇ ವರ್ಷ ಬದುವಿನ ಮೇಲಿಂದ ಜಾರಿ ಕಾಲು ಮುರಿಯಿತು. ನಾಟಿ ವೈದ್ಯ ಕಟ್ಟಿದ, ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಗೆ ಕುರಿಯ ಹಿಂದೆ ಹೋಗುವುದು ಮುಗಿಯಿತು. ಆರು ತಿಂಗಳು ಅತ್ತೆಯ ಹಿತ್ತಲಲ್ಲಿ ಕಾಲು ಚಾಚಿ ಕೂತಿದ್ದಳಂತೆ. ಎದುರಿಗೆ ನೋಡಲು ಇದ್ದದ್ದು ಎರಡು ಹೇಂಟೆ, ಅವುಗಳ ಹಿಂಡು ಮರಿ. ಅವುಗಳಿಗೆ ಗರಿ ಬರುವುದನ್ನು ದಿನಾ ನೋಡಿದಳು. ಮಾಡಲು ಬೇರೆ ಕೆಲಸವಿಲ್ಲದ ಕಣ್ಣಿಗೆ ಎಲ್ಲವೂ ಕಾಣುತ್ತದೆ.

ನಾನು ಅವಳನ್ನು ಸಂತೆಗೆ ಕರೆತಂದದ್ದು ತೊಂಬತ್ತನಾಲ್ಕರಲ್ಲಿ. ಪೇಟೆಯಿಂದ ಒಂದು ದಿನದ ಮರಿಗಳನ್ನು ಪೆಟ್ಟಿಗೆಗಟ್ಟಲೆ ತರುತ್ತಿದ್ದೆ. ಕೊಟ್ಟೂರಿನ ನನ್ನ ಹಿತ್ತಲಲ್ಲಿ ಹೊಟ್ಟು ಹಾಸಿ, ಬಲ್ಬಿನ ಬಿಸಿಯಲ್ಲಿ ಮೂರು ವಾರ ಸಾಕಿ ಹಗರಿಬೊಮ್ಮನಹಳ್ಳಿ, ನಮ್ಮ ಕಡೆಯ ಅರಸೀಕೆರೆ, ಹೊಳಲು ಎಂದು ಸಂತೆಸಂತೆಗೆ ಒಯ್ದು ಮಾರುತ್ತಿದ್ದೆ. ಎಲ್ಲರಿಗೂ ಮೊಟ್ಟೆಯಿಡುವ ಹೇಂಟೆ ಬೇಕು, ಹುಂಜ ಬೇಡ. ಹೇಂಟೆ ಎಂದು ನಾನು ಕೊಟ್ಟದ್ದು ಎರಡು ತಿಂಗಳ ಮೇಲೆ ಬೆಳಗಾಗುವ ಮೊದಲೇ ಎದ್ದು ಕೂಗಿದರೆ, ಮುಂದಿನ ಸಂತೆಯಲ್ಲಿ ಕೊಂಡವರು ಬಂದು ನನ್ನ ಮುಂದೆ ಕೂಗುತ್ತಿದ್ದರು. ಸಿದ್ದಮ್ಮ ಬಂದು ಕೂತ ಮೇಲೆ ಆ ಕೂಗು ನಿಂತಿತು.

ಅವಳ ಕೆಲಸ ನೋಡುವುದೇ ಚೆಂದ. ಮರಿಯನ್ನು ಎಡಗೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ, ಬೆನ್ನಿನ ಮೇಲೆ ಒಮ್ಮೆ ಉಫ್ ಎಂದು ಊದುವಳು. ಹೆಣ್ಣಿಗೆ ಗರಿ ಬೇಗ ಬರುತ್ತದೆ. ಮೂರು ವಾರಕ್ಕೇ ಭುಜ ಮುಚ್ಚಿರುತ್ತದೆ, ಬಾಲ ಮೊಳೆತಿರುತ್ತದೆ. ಗಂಡಿನ ಬೆನ್ನು ಇನ್ನೂ ಬೋಳುಬೋಳು, ಬಾಲ ಇದ್ದೂ ಇಲ್ಲದ ಹಾಗೆ. ಬಲಕ್ಕೆ ಹೇಂಟೆ ಬುಟ್ಟಿ, ಎಡಕ್ಕೆ ಹುಂಜದ ಬುಟ್ಟಿ. ಬಾಯಿ ಆಡುವುದಿಲ್ಲ, ಕೈಯಷ್ಟೇ ಆ ಕಡೆ ಈ ಕಡೆ ಹೋಗುತ್ತಿತ್ತು. ಎರಡು ತಿಂಗಳ ಮರಿಯಾದರೆ ಕುರುಡರೂ ಹೇಳಬಹುದು ಎನ್ನುವಳು: ಹುಂಜದ ಕತ್ತಿನ ಗರಿ ಈಚಲ ಎಲೆಯಂತೆ ಮೊನಚು, ಹೇಂಟೆಯದು ಹುಣಸೆ ಎಲೆಯಂತೆ ದುಂಡು. ಬೋಳುಗತ್ತಿನ ಜಾತಿಯ ಮರಿ ತಂದರೆ ಮಾತ್ರ ಮುಟ್ಟುತ್ತಿರಲಿಲ್ಲ. "ಕತ್ತಿಗೆ ಗರೀನ ಇಲ್ಲ. ಇಲ್ಲದ್ದು ನೋಡಿ ನಾ ಏನ್ ಹೇಳ್ಲಿ ಅಣ್ಣಾ?"

ಅವಳಿಗೆ ಮಕ್ಕಳಿರಲಿಲ್ಲ. ಸಂತೆಯ ಹೆಂಗಸರು ಅದನ್ನೂ ನಗೆಗೆ ಹಚ್ಚುತ್ತಿದ್ದರು: "ಸಿದ್ದಮ್ಮನ ಮನ್ಯಾಗ ಹೆಣ್ಣೂ ಇಲ್ಲ, ಗಂಡೂ ಇಲ್ಲ, ಎಲ್ಲಾ ಬುಟ್ಟ್ಯಾಗ ಅದಾವ." ಅವಳು ಮುಂದಿನ ಮರಿಯ ಬೆನ್ನು ಊದುತ್ತಿದ್ದಳು.

ತೊಂಬತ್ತೊಂಬತ್ತರಲ್ಲಿ ಅವಳ ಕೈಯೇ ಅವಳನ್ನು ಸಿಕ್ಕಿಸಿತು. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ನಮ್ಮ ಪಕ್ಕ ಹಸಿಮೆಣಸಿನಕಾಯಿ ಮಾರುತ್ತಿದ್ದ ನಾಗಲಿಂಗಮ್ಮ ಆಗ ತುಂಬು ಬಸುರಿ. ಮಟಮಟ ಮಧ್ಯಾಹ್ನ, ಗಿರಾಕಿ ಇಲ್ಲ. ಬೇಸರಕ್ಕೆ ಕೇಳಿದಳು:

"ಸಿದ್ದಮ್ಮಾ, ನನ್ನ ಹೊಟ್ಟ್ಯಾಗಿನ ಮರಿ ಯಾವ ಬುಟ್ಟಿಗಿ ಹಾಕ್ತೀ ಹೇಳಬೇ?"

ಸಿದ್ದಮ್ಮ ನಕ್ಕಳು, ಅಷ್ಟೇ. ಅವಳ ಕೈ ಆಗ ಬಲಬುಟ್ಟಿಯ ಅಂಚಿನ ಮೇಲಿತ್ತು. ಬಿಸಿಲಿಗೆ ಸೋತ ಕೈ ಎಲ್ಲೋ ಒಂದು ಕಡೆ ಇರಬೇಕಲ್ಲ, ಅಲ್ಲಿತ್ತು.

ನಾಗಲಿಂಗಮ್ಮನಿಗೆ ಹೆಣ್ಣು ಹುಟ್ಟಿತು. ಬಾಣಂತನ ಮುಗಿಸಿ ಸಂತೆಗೆ ಬಂದವಳು ಮೆಣಸಿನಕಾಯಿಗಿಂತ ಮೊದಲು ಈ ಸುದ್ದಿ ಮಾರಿದಳು. ಮಷಿನ್ನು ಇಟ್ಟುಕೊಂಡ ಡಾಕ್ಟರುಗಳು ಹೆಣ್ಣೋ ಗಂಡೋ ಹೇಳಬಾರದೆಂದು ಸರ್ಕಾರ ಕಾನೂನು ಮಾಡಿದ ಕಾಲ. ಆದರೆ ಸಿದ್ದಮ್ಮನ ಬುಟ್ಟಿಗೆ ಯಾವ ಕಾನೂನೂ ಇರಲಿಲ್ಲ. ಅತ್ತೆಯರು ಸೊಸೆಯರನ್ನು ಕರೆತಂದು ಅವಳ ಮುಂದೆ ಕೂರಿಸಲು ಶುರು ಮಾಡಿದರು.

"ನನಗ ಗೊತ್ತಾಗಂಗಿಲ್ರಬೇ. ಗರಿ ಇದ್ರ ಹೇಳ್ತೀನಿ, ಹೊಟ್ಟಿ ನೋಡಿ ಏನ್ ಹೇಳ್ಲಿ?" ಅನ್ನುವಳು.

"ನೋಡಿದ್ರಾ? ಹೇಳವಲ್ಲಳು. ಹೆಣ್ಣ ಇರಬೇಕು" ಎಂದು ಅವರು ಎದ್ದು ಹೋಗುವರು.

ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಳು. ಕೈ ಮುಚ್ಚಿದಳು, ಹೆಣ್ಣು ಎಂದರು. ಬೇರೆ ಕಡೆ ನೋಡಿದಳು, ಮುಖ ತಿರುವಿದಳು, ಹೆಣ್ಣೇ ಎಂದರು. ಹಾಗಂತ ಕೈ ಕಟ್ಟಿ ಕೂರುವ ಹಾಗೂ ಇರಲಿಲ್ಲ, ಕೆಲಸವೇ ಕೈಯದು. ಗಿರಾಕಿಗೆ ಹೇಂಟೆ ತೆಗೆದುಕೊಡಲು ಬಲಬುಟ್ಟಿಗೆ ಕೈ ಹಾಕಿದರೆ ಎದುರಿಗೆ ಕೂತ ಬಸುರಿಯ ಮುಖ ಬಿಳುಚಿಕೊಳ್ಳುತ್ತಿತ್ತು.

ಆಗ ನಾನೇನು ಮಾಡುತ್ತಿದ್ದೆ? ವ್ಯಾಪಾರ ಮಾಡುತ್ತಿದ್ದೆ. ಕೇಳಲು ಬಂದವರು ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಎರಡೆರಡು ಮರಿ ಒಯ್ಯುತ್ತಿದ್ದರು. ಎರಡು ಬುಟ್ಟಿಯ ನಡುವೆ ಮೊದಲು ಒಂದು ಮೊಳ ಜಾಗವಿತ್ತು. ಹಿಂದೆ ನಿಂತವರಿಗೂ ಕೈ ಹೋಗುವ ದಿಕ್ಕು ಕಾಣಲಿ ಎಂದು ನಾನು ಅದನ್ನು ಎರಡು ಮೊಳ ಮಾಡಿದೆ. ಸಿದ್ದಮ್ಮ ಬುಟ್ಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮುಂದಿನ ಮರಿ ಎತ್ತಿಕೊಂಡಳು.

ಒಂದು ದಿನ ಮಾತ್ರ, "ಈ ಸಂತಿ ಬಿಡ್ತೀನಿ ಅಣ್ಣಾ" ಎಂದಳು.

"ಬಿಟ್ಟು?"

ಸೊಟ್ಟಗಾಲಿಗೆ ಕುರಿಯ ದಾರಿಯಿಲ್ಲ, ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂರಲಾಗದು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ನಾನು ಕೇಳಿದ್ದೆ.

"ಹಂಗಾರ ಬಂದೋರಿಗೆಲ್ಲಾ ಎಡಬುಟ್ಟಿ ಮುಟ್ಟಿ ಕಳಿಸಿಬಿಡವ್ವ. ಅರ್ಧ ಮಂದಿಗೆ ಖರೇ ಆಗ್ತೈತಿ" ಎಂದೆ.

"ಸುಳ್ಳು ಹೇಳಿದ ಕೈಲೆ ಮತ್ತ ಮರಿ ಹೆಂಗ ಹಿಡೀಲಿ? ಏಳು ವರ್ಷಾತು, ಒಂದ್ಸಲನೂ 'ತಪ್ಪಿತು' ಅಂತ ನನ್ನ ಬಾಯಾಗ ಬಂದಿಲ್ಲ." ಇಷ್ಟು ಗತ್ತು ನನಗೆ ನನ್ನ ಅಂಗಡಿಯ ಮೇಲೂ ಇರಲಿಲ್ಲ.

ಎರಡು ಸಾವಿರದ ಒಂದನೇ ಇಸವಿ. ಅರಸೀಕೆರೆ ಸಂತೆಯಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯೊಬ್ಬಳು ಒಬ್ಬಳೇ ಬಂದು ಬುಟ್ಟಿಯ ಮುಂದೆ ಕೂತಳು. ರೇಣುಕಾ ಎಂದು ಹೆಸರು. ಮರಿ ಆರಿಸುವವಳಂತೆ ತಲೆ ತಗ್ಗಿಸಿ, ತುಟಿ ಅಲ್ಲಾಡದಂತೆ ಮಾತಾಡಿದಳು.

"ಯಕ್ಕಾ, ಮುಂದಿನ ಸಂತಿಗೆ ನಮ್ಮತ್ತಿ ಕನಕಮ್ಮ ನನ್ನ ಕರಕೊಂಡು ಬರ್ತಾಳ. ನೀ ಹೆಣ್ಣಂದ್ರ ಅವತ್ತ ಬಸ್ ಹತ್ತಿಸ್ತಾರ. ಮನ್ಯಾಗ ಒಬ್ಬ ಮಗಳದಾಳ. ಆಮ್ಯಾಲೆ ಎರಡು ಸಲ ತಗಿಸ್ಯಾರ. ಹ್ವಾದ ಸಲ ರಕ್ತ ನಿಲ್ಲಲಿಲ್ಲ. ಇನ್ನೊಂದ್ಸಲ ಆದ್ರ ಈ ಹುಡುಗಿ ಉಳಿಯಂಗಿಲ್ಲ ಅಂತ ನರ್ಸಮ್ಮ ನಮ್ಮತ್ತಿ ಮುಂದನ ಹೇಳಿದ್ಲು."

"ನಿಮ್ಮತ್ತಿ ಏನಂದ್ಲು?"

"ಬಸ್ಸಿಗಿ ಹೊತ್ತಾತು ನಡಿ ಅಂದ್ಲು."

ಒಂದು ಮರಿಯನ್ನೂ ಕೊಳ್ಳದೆ ಎದ್ದು ಹೋದಳು. ಅವತ್ತು ಕೊಟ್ಟೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಸಿದ್ದಮ್ಮ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಂದಿನ ಸಂತೆಗೆ ಬರಬೇಡ, ಜ್ವರ ಅನ್ನೋಣ ಎಂದು ನಾನು ಹೇಳಿದೆ.

"ಬರ್ಲಿಲ್ಲ ಅಂದ್ರ? ಹೆಣ್ಣು ಅಂತ ಹೇಳಾಕ ಅಂಜಿ ಮನ್ಯಾಗ ಕುಂತಾಳ ಅಂತಾರ. ಗೊತ್ತಿಲ್ಲ ಅಂದ್ರನೂ ಹೆಣ್ಣು. ಸುಮ್ನ ಕುಂತ್ರನೂ ಹೆಣ್ಣು. ಒಂದ ಬಾಗಿಲಾ ಬಿಟ್ಟೀರಿ ಅಣ್ಣಾ ನನಗ."

ನಾನು ಕಿಟಕಿಯಿಂದಾಚೆ ನೋಡಿದೆ. ಬುಟ್ಟಿ ದೂರ ಸರಿಸಿದವನು ನಾನೇ.

ಕನಕಮ್ಮ ಬಂದಳು. ಗಟ್ಟಿ ಹೆಂಗಸು, ನೀರಾವರಿ ಹೊಲದವರು, ಮೂಗಿನ ಎರಡೂ ಕಡೆ ನತ್ತು. ವ್ಯಾಪಾರದಲ್ಲಿ ನನಗೆ ಪಾಠ ಹೇಳಬಲ್ಲವಳು ಎಂದು ಅವಳು ಬಾಯಿ ತೆರೆದ ಕೂಡಲೇ ತಿಳಿಯಿತು.

"ಕೈ ತೋರ್ಸೋದು ಬ್ಯಾಡಬೇ ಸಿದ್ದಮ್ಮ. ಕೈ ಗಾಳಿಗೂ ಅಲ್ಲಾಡ್ತೈತಿ. ಒಂದು ಮರಿ ತಗದು ನಮ್ಮ ಸೊಸಿ ಉಡಿಯಾಗ ಹಾಕು. ಗಂಡಾದ್ರ ಹುಂಜ, ಹೆಣ್ಣಾದ್ರ ಹ್ಯಾಂಟಿ. ಮರಿ ಒಯ್ದು ನಾನ ಸಾಕ್ತೀನಿ. ಅದಕ್ಕ ಗರಿ ಬಂದಮ್ಯಾಲೆ ನಿನ್ನ ಕಣ್ಣು ಖರೇನೋ ಸುಳ್ಳೋ ಗೊತ್ತಾಗ್ತೈತಿ. ಹುಂಜ ಆತು, ಗಂಡು ಹುಟ್ಟಿತು ಅಂದ್ರ ದುರುಗವ್ವಗ ಅದ ಕೋಳಿ ಬಲಿ ಕೊಡ್ತೀನಿ."

ಜನ ಹತ್ತಿರ ಸರಿದರು. ರೇಣುಕಾ ಸೆರಗು ಚಾಚಿ ಕೂತಳು. ಸಿದ್ದಮ್ಮ ಎಡಬುಟ್ಟಿಗೆ ಕೈ ಹಾಕಿದಳು. ಒಂದು ಮರಿ ತೆಗೆದು ರೆಕ್ಕೆ ಬಿಡಿಸಿ ನೋಡಿ ಮತ್ತೆ ಬಿಟ್ಟಳು, ಇನ್ನೊಂದು ತೆಗೆದಳು. ಅದೇ ಬುಟ್ಟಿಗೆ ತಾನೇ ಹಾಕಿದ ಮರಿಗಳನ್ನು ಅವಳು ಎರಡನೇ ಸಲ ನೋಡಿದ್ದನ್ನು ನಾನು ಅವತ್ತೇ ಮೊದಲು ಕಂಡೆ. ಕೊನೆಗೆ ಬೆನ್ನು ಪೂರಾ ಬೋಳಾಗಿದ್ದ, ದಪ್ಪ ಕಾಲಿನ ಒಂದನ್ನು ಆರಿಸಿ ರೇಣುಕಾಳ ಉಡಿಗೆ ಹಾಕಿ, ಬಾಯಿ ಬಿಟ್ಟು ಹೇಳಿದಳು:

"ಹುಂಜ."

ಬೆಚ್ಚಗಿನ ಜಾಗ ಸಿಕ್ಕಿತೆಂದು ಮರಿ ಅಲ್ಲೇ ಕಣ್ಣು ಮುಚ್ಚಿತು. ಕನಕಮ್ಮ ಸೊಸೆಯ ತಲೆ ಸವರಿದಳು. ಅವತ್ತು ಆಸ್ಪತ್ರೆಗೆಂದು ಹತ್ತಬೇಕಿದ್ದ ಬಸ್ಸು ಇವರಿಬ್ಬರು ಇಲ್ಲದೆಯೇ ಹೋಯಿತು.

ಎರಡು ತಿಂಗಳ ಮೇಲೆ ಕನಕಮ್ಮನೇ ಸಂತೆಯಲ್ಲಿ ನಿಂತು ಸಾರಿದಳು: "ಕತ್ತಿನ ಗರಿ ಮೊನಚು ಬಂದಾವ, ಜುಟ್ಟು ಕೆಂಪಗಾಗೇತಿ. ಸಿದ್ದಮ್ಮನ ಕಣ್ಣಂದ್ರ ಕಣ್ಣು!" ರೇಣುಕಾಳಿಗೆ ಆರು ತಿಂಗಳು ತುಂಬಿ ದಾಟಿತ್ತು. ಇನ್ನು ತೆಗೆಸುವ ಮಾತಿರಲಿಲ್ಲ. ನಾನು ಖುಷಿಗೆ ಚಹಾ ತರಿಸಿದೆ. ಸಿದ್ದಮ್ಮ ಅದನ್ನು ಆರಲು ಬಿಟ್ಟಳು.

"ಕೋಳಿ ಚಿಂತಿ ನನಗ ಇದ್ದಿದ್ದಿಲ್ಲ" ಎಂದಳು.

ಹೆಣ್ಣು ಹುಟ್ಟಿತು.

ಸುದ್ದಿ ನಮಗೆ ಮುಟ್ಟಿದ ಮೇಲೂ ಕನಕಮ್ಮ ಮೂರು ತಿಂಗಳು ಬರಲಿಲ್ಲ. ಬಂದಾಗ ಕಂಕುಳಲ್ಲಿ ಹುಂಜವಿತ್ತು. ಹಿಂದೆ ಕೂಸನ್ನು ಭುಜಕ್ಕೆ ಹಾಕಿಕೊಂಡ ರೇಣುಕಾ. ಸೊಸೆಯನ್ನೂ ಸಿದ್ದಮ್ಮನನ್ನೂ ಎದುರುಬದುರು ನಿಲ್ಲಿಸಬೇಕೆಂದೇ ಅತ್ತೆ ಬಾಣಂತನ ಮುಗಿಯಲೆಂದು ಕಾದಿದ್ದಳು. ಹುಂಜ ಮಿರಿಮಿರಿ ಮಿಂಚುತ್ತಿತ್ತು, ಬಾಲದ ಗರಿ ಕುಡುಗೋಲಿನ ಹಾಗೆ ಬಾಗಿತ್ತು. ಸಿದ್ದಮ್ಮ ಮೊದಲು ಅದನ್ನೇ ನೋಡಿದಳು. ತಾನು ಆರಿಸಿದ ಮರಿ ಎಂಬ ಹೆಮ್ಮೆ ಆ ಗಳಿಗೆಯಲ್ಲೂ ಅವಳ ಕಣ್ಣಿನಲ್ಲಿ ಒಂದಿಷ್ಟು ಕಂಡಿತು.

"ಕೋಳಿ ಖರೇ ಆತು, ಕೂಸು ಯಾಕ ಸುಳ್ಳಾತಬೇ?" ಕನಕಮ್ಮ ಕೇಳಿದಳು. "ನಾವು ಬರೋಕಿಂತ ಮುಂಚಿನ ಸಂತ್ಯಾಗ ನಮ್ಮ ಸೊಸಿ ಒಬ್ಬಾಕೀನ ಬಂದು ನಿನ್ನ ಮುಂದ ಕುಂತಿದ್ಲಂತ. ನೋಡಿದೋರು ಅದಾರ. ಇಬ್ರೂ ಕೂಡಿ ಆಡಿದ ಆಟ ಅಂದ್ರ ಈಗ ಹೇಳಿಬಿಡು. ಇಕಿನ್ನ ಇಲ್ಲಿಂದನ ತವರಿಗೆ ಅಟ್ಟತೀನಿ, ಕೂಸು ಕಟಗೊಂಡು ಹೋಗ್ಲಿ. ದೊಡ್ಡ ಮಗಳ ಮಕಾನೂ ನೋಡಗೊಡಂಗಿಲ್ಲ."

ರೇಣುಕಾಳ ಕೈ ಕೂಸಿನ ಬೆನ್ನ ಮೇಲೆ ತಟ್ಟುತ್ತಿದ್ದದ್ದು ನಿಂತಿತು.

ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಬಂದು ಅಲ್ಲ, ಮಬ್ಬು ಕವಿದವರು ಒರೆಸಿಕೊಳ್ಳುತ್ತಾರಲ್ಲ, ಹಾಗೆ.

"ತಪ್ಪಿತವ್ವಾ. ನಿನ್ನ ಸೊಸಿ ಬಂದಿದ್ದು ಮರಿ ನೋಡಾಕ, ತಗಳ್ಳಲಿಲ್ಲ, ಹ್ವಾದ್ಲು. ತಪ್ಪಿದ್ದು ನನ್ನ ಕಣ್ಣು. ವರ್ಷದಿಂದ ಮಂಜು ಮಂಜು."

ಏಳು ವರ್ಷ ಬಾಯಿಗೆ ಬಾರದಿದ್ದ ಮಾತು. ಎಂಟನೇ ವರ್ಷ ಇಷ್ಟು ಸಲೀಸಾಗಿ ಬಂತಲ್ಲ ಎಂದು ನಾನು ನೋಡುತ್ತಲೇ ಇದ್ದೆ.

"ಮಂಜು ಇದ್ದೋಳು ಇಂಥಾ ಹುಂಜ ಹೆಂಗ ಆರಿಸಿದಿ?"

"ಅದೊಂದು ಕೈಗೆ ಬಿತ್ತು."

ಕನಕಮ್ಮ ಸುತ್ತ ನೋಡಿದಳು. ನನ್ನ ಪಂಜರದಲ್ಲಿ ಮಾರಾಟವಾಗದೆ ಉಳಿದ, ಎರಡು ತಿಂಗಳು ದಾಟಿದ ಮೂರು ಕೋಳಿಗಳಿದ್ದವು. ಕುರುಡರೂ ಹೇಳಬಹುದು ಎಂದು ಸಿದ್ದಮ್ಮ ಅನ್ನುತ್ತಿದ್ದ ವಯಸ್ಸು. ಕನಕಮ್ಮ ತಾನೇ ಕೈ ಹಾಕಿ ಒಂದನ್ನು ಎಳೆದು ಅವಳ ಕೈಗೆ ಕೊಟ್ಟಳು. "ಹೇಳು."

ಅದು ಹುಂಜ. ಕತ್ತಿನ ಗರಿ ಈಚಲ ಎಲೆ. ಸಿದ್ದಮ್ಮ ಹಿಡಿದಳು. ಅವಳ ಹೆಬ್ಬೆರಳು ಸರಿಯಾಗಿ ಆ ಮೊನಚು ಗರಿಯ ತುದಿಯ ಮೇಲೆ ಹೋಗಿ ಕೂತಿತು. ಅದನ್ನು ಕಂಡವನು ನಾನೊಬ್ಬನೇ.

"ಹ್ಯಾಂಟಿ" ಎಂದಳು.

ಮೊದಲು ಯಾರೂ ನಗಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ನಕ್ಕ, ಸಂತೆಗೆ ಸಂತೆಯೇ ನಕ್ಕಿತು. ಎರಡನೆಯದು ಹೇಂಟೆ. ಅದನ್ನು ಹುಂಜ ಎಂದಳು. "ಲೇ, ನಮ್ಮ ಮನಿ ಹುಡುಗ್ರೂ ಹೇಳ್ತಾವು!" ಎಂದು ಯಾರೋ ಕೂಗಿದರು.

ಆಗ ನನ್ನ ಬಾಯಿ ಅರ್ಧ ತೆರೆದಿತ್ತು. ಅವಳು ಬೇಕಂತಲೇ ಹೇಳುತ್ತಿದ್ದಾಳೆ ಎಂದು ಒಂದು ಮಾತು ಆಡಿದ್ದರೆ ನನ್ನ ಅಂಗಡಿ ಉಳಿಯುತ್ತಿತ್ತು. ಎಂಟು ವರ್ಷ "ಸಿದ್ದಮ್ಮ ನೋಡಿದ ಮರಿ" ಎಂದು ಕೂಗಿ ಕೂಗಿ ಕಟ್ಟಿದ ಅಂಗಡಿ ಅದು. ರೇಣುಕಾ ನನ್ನ ಕಡೆ ನೋಡಲಿಲ್ಲ. ಸಿದ್ದಮ್ಮನೂ ನೋಡಲಿಲ್ಲ. ಬೇಡ ಎಂದು ಅವಳು ಒಂದು ಸನ್ನೆ ಮಾಡಿದ್ದರೆ ನಾನು ಚೌಕಾಸಿಗೆ ಇಳಿಯುತ್ತಿದ್ದೆನೋ ಏನೋ. ಹಾಗೆ ಮಾಡಲಿಲ್ಲವಾದ್ದರಿಂದ ನಾನೂ ಎಲ್ಲರ ಜೊತೆ ನಕ್ಕೆ, ಎಲ್ಲರಿಗಿಂತ ಜೋರಾಗಿ. ಬಾಯಿ ತೆರೆದದ್ದಕ್ಕೆ ಏನಾದರೂ ಒಂದು ಉಪಯೋಗವಾಗಬೇಕಿತ್ತು.

ಮೂರನೆಯದನ್ನು ಸಿದ್ದಮ್ಮ ಸರಿ ಹೇಳಿದಳು. ಕಣ್ಣು ಹೋದವರು ಮೂರಕ್ಕೆ ಮೂರೂ ತಪ್ಪು ಹೇಳುವುದಿಲ್ಲ, ಒಂದಾದರೂ ಅಂದಾಜಿಗೆ ಸರಿಯಾಗುತ್ತದೆ ಎಂಬುದು ಆ ನಗೆಯ ನಡುವೆಯೂ ಅವಳಿಗೆ ಹೊಳೆದಿತ್ತು.

ಕನಕಮ್ಮ ಕೋಳಿ ಕಸಿದು ಪಂಜರಕ್ಕೆ ಎಸೆದಳು. "ಇಕಿ ಮಾತು ಕಟಗೊಂಡು ಕೆಟ್ಟೆ" ಎಂದು ಗೊಣಗಿ, ಸೊಸೆಗೆ "ನಡೀ" ಎಂದಳು. ಇಬ್ಬರೂ ಒಂದೇ ದಾರಿ ಹಿಡಿದು ತಮ್ಮ ಮನೆಯ ಕಡೆಗೇ ಹೋದರು. ಅತ್ತೆಯ ಕಂಕುಳಿನ ಹುಂಜ, ಸೊಸೆಯ ಭುಜದ ಮೇಲಿನ ಕೂಸು ಎರಡೂ ಹಿಂದಕ್ಕೆ ನೋಡುತ್ತಿದ್ದವು. ರೇಣುಕಾ ಮಾತ್ರ ತಿರುಗಲಿಲ್ಲ. ತಿರುಗುವ ಹಾಗಿರಲಿಲ್ಲ.

ಅಲ್ಲೇ ನಿಂತಿದ್ದ ದುರುಗಪ್ಪ ಎಂಬ ಹಳೆ ಗಿರಾಕಿ ನನ್ನ ಮುಂದೆ ಬಂದ. "ಸಾವ್ಕಾರ್ರ, ಹ್ವಾದ ಸಂತ್ಯಾಗ ಒಯ್ದ ನಾಕು ಹ್ಯಾಂಟಿ ವಾಪಸ್ ತರ್ತೀನಿ, ತಗಳ್ರಿ."

"ಮೊಟ್ಟಿ ಇಡೋ ತನಕ ಇಟಗಳೋ ಮಾರಾಯ."

"ಇಡೋವು ಅಂತ ಯಾರು ಹೇಳ್ಯಾರ? ಇಕೀನ?"

ಹೊಟ್ಟೆ ತೋರಿಸಲು ಬರುವವರು ಅವತ್ತಿನಿಂದ ನಿಂತರು. ಮರಿ ಕೊಳ್ಳಲು ಬರುವವರೂ ನಿಂತರು. ಎರಡು ತಿಂಗಳು ನಾನು ಒಬ್ಬನೇ ಕೂತು, ಹತ್ತಕ್ಕೆ ಆರರ ವಿದ್ಯೆಯಲ್ಲಿ ಬೈಗುಳ ತಿಂದೆ. ಆಮೇಲೆ ಸಿದ್ದಮ್ಮನ ಹಳ್ಳಿಗೆ ಹೋದೆ. ಅವಳು ಹಿತ್ತಲಲ್ಲಿ ಕಾಲು ಚಾಚಿ ಕೂತಿದ್ದಳು, ಮೊದಲು ಕೂತಿದ್ದಳಂತಲ್ಲ, ಹಾಗೆಯೇ. ಕರಿಸಿದ್ದಪ್ಪ ಹೊಳೆಸಾಲಿನಲ್ಲಿದ್ದ.

"ಸಂತಿಗೆ ಬ್ಯಾಡವ್ವ. ಸಂತಿ ಹಿಂದಿನ ದಿನ ನಮ್ಮ ಹಿತ್ತಲಿಗೆ ಬಾ. ತಟ್ಟು ಕಟ್ಟಿರ್ತೀನಿ, ಯಾರಿಗೂ ಕಾಣಂಗಿಲ್ಲ. ಆರಿಸಿಟ್ಟು ಹೋಗು."

"ಕೂಲಿ ಅಷ್ಟ ಏನು?"

"ಸಂತಿ ಬಿಸಿಲಿಲ್ಲಲ್ಲ, ಅರ್ಧ."

ಅವಳು ನಕ್ಕಳು. ನಾನು ಎಂಥವನೆಂದು ಅವಳಿಗೆ ಹೊಸದಾಗಿ ತಿಳಿಯಬೇಕಿರಲಿಲ್ಲ. ಬಂದಳು. ಗೋಣಿತಟ್ಟಿನ ಹಿಂದೆ, ಬಲ್ಬಿನ ಬಿಸಿಯಲ್ಲಿ ಕೂತು ಎಡಕ್ಕೊಂದು ಬಲಕ್ಕೊಂದು ಹಾಕತೊಡಗಿದಳು. ಬುಟ್ಟಿಗಳನ್ನು ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ ಅವಳೇ ಎಳೆದುಕೊಂಡಳು. ಸಂತೆಯಲ್ಲಿ ನಾನು ಒಬ್ಬನೇ ಕೂತು ಸುಮ್ಮನೆ ರೆಕ್ಕೆ ಬಿಡಿಸಿ, ಉಫ್ ಎಂದು ಊದಿ ಕೊಡುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಜನ ಅನ್ನತೊಡಗಿದರು: "ಆ ಕುಂಟಿ ಹ್ವಾದಮ್ಯಾಲೆ ಸಾವ್ಕಾರನ ಕಣ್ಣು ಪಳಗೇತಿ ನೋಡು." ನಾನು ಇಲ್ಲ ಅನ್ನಲಿಲ್ಲ.

ಈಗಲೂ ಅವಳು ಹೋಗುವ ದಾರಿಯಲ್ಲಿ "ಹುಂಜಕ್ಕ ಹ್ಯಾಂಟಿ ಅಂದಾಕಿ" ಎನ್ನುವವರಿದ್ದಾರೆ. ಅಲ್ಲ ಎಂದು ಒಂದೇ ಒಂದು ಮರಿ ಹಿಡಿದು ತೋರಿಸಿದರೆ ಸಾಕು. ತೋರಿಸಿದರೆ ಸುದ್ದಿ ಅರಸೀಕೆರೆಯ ತನಕ ಹೋಗುತ್ತದೆ. ಆದ್ದರಿಂದ ತೋರಿಸುವ ಹಾಗಿಲ್ಲ. ರೇಣುಕಾಳ ಕೂಸು ನಡೆಯುತ್ತಿದೆಯಂತೆ ಎಂದು ನಾನು ಹೇಳಿದ ದಿನ ಅವಳು ಒಂದು ಮರಿಯ ಬೆನ್ನನ್ನು ಎರಡು ಸಲ ಊದಿದಳು.

ಹೋದ ತಿಂಗಳು ಬಸ್ಸಿನಲ್ಲಿ ಅವಳ ಪಕ್ಕ ಒಬ್ಬ ಹೆಂಗಸು ಮಡಿಲಲ್ಲಿ ಎರಡು ಮರಿ ಇಟ್ಟುಕೊಂಡು ಕೂತಿದ್ದಳಂತೆ. ಎರಡೂ ಹೇಂಟೆ, ಮೊಟ್ಟೆ ಮಾರಿ ಮಗಳಿಗೆ ಶಾಲೆಯ ಚೀಲ ಕೊಡಿಸುತ್ತೇನೆ ಎನ್ನುತ್ತಿದ್ದಳಂತೆ. ಒಂದರ ಬೆನ್ನು ಬೋಳಾಗಿತ್ತು.

"ಬಾಯಿಗಿ ಬಂದಿತ್ತಣ್ಣಾ" ಎಂದಳು ಸಿದ್ದಮ್ಮ. "ಕೈ ಸೆರಗಿನ್ಯಾಗ ಸುತಗೊಂಡು ಕಿಟಕಿ ಕಡೆ ತಿರುಗಿ ಕುಂತೆ."

ಅವಳು ಆರಿಸಿಟ್ಟ ಬುಟ್ಟಿಯಲ್ಲಿ ಹೇಂಟೆ ಕಡಿಮೆ ಬಿದ್ದ ದಿನ ಪಕ್ಕದ ಹುಂಜದ ಬುಟ್ಟಿಯಿಂದ ಒಂದೊಂದು ಸೇರಿಸುವುದು ನನಗೆ ರೂಢಿ. ಆ ಮರಿ ಮಾರಿದವರು ಯಾರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದಿನ ಮರಿಗೆ ಕೈ ಹಾಕಿ ರೆಕ್ಕೆ ಬಿಡಿಸಿದಳು.